ಕಾಲಾಕ್ಷದ ಮೇಲೆ ಕಿರುತರಂಗ ಪರಿವರ್ತನೆ: ಎಲ್ ನಿನೊ ಮತ್ತು ಮುಂಗಾರು ಶ್ರೇಣಿಗಳ ಚಿತ್ರವನ್ನು ಓದುವ ಬಗೆ

ಕಾಲಕ್ರಮದಲ್ಲಿ ದಾಖಲಾದ ಅಳತೆಗಳ ಸಾಲನ್ನು ವಿಜ್ಞಾನದ ಪರಿಭಾಷೆಯಲ್ಲಿ ಸಂಕೇತ ಎಂದು ಕರೆಯಲಾಗುತ್ತದೆ. ಹೃದಯದ ವಿದ್ಯುತ್ ಮಿಡಿತ, ಭೂಕಂಪನಮಾಪಕದ ರೇಖೆ, ಒಂದು ಪ್ರದೇಶದ ವರ್ಷವಾರು ಮಳೆಯ ಪ್ರಮಾಣ ಇವೆಲ್ಲವೂ ಸಂಕೇತಗಳೇ. ಇಂತಹ ಸಾಲಿನಲ್ಲಿ ಅಡಗಿರುವ ಆವರ್ತನಗಳನ್ನು ಬೇರ್ಪಡಿಸಿ ನೋಡುವ ಮಾರ್ಗವನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದ ಉಷ್ಣಪ್ರಸರಣವನ್ನು ಕುರಿತ ಗ್ರಂಥವು ತೆರೆದು ತೋರಿತು. ಸಂಕೇತದಲ್ಲಿ ಯಾವ ಯಾವ ಆವರ್ತನಗಳು ಎಷ್ಟು ಪ್ರಬಲವಾಗಿವೆ ಎಂಬ ಪ್ರಶ್ನೆಗೆ ಫೂರಿಯೇ ವಿಶ್ಲೇಷಣೆ ಖಚಿತವಾದ ಉತ್ತರ ಕೊಡುತ್ತದೆ. ಆದರೆ ಅವು ಯಾವಾಗ ಪ್ರಬಲವಾಗಿದ್ದವು, ಯಾವಾಗ ಕ್ಷೀಣಿಸಿದವು ಎಂಬ ಪ್ರಶ್ನೆಯನ್ನು ಅದು ಎತ್ತಿಕೊಳ್ಳುವುದಿಲ್ಲ. ನೂರು ವರ್ಷಗಳ ಮಳೆಯ ದಾಖಲೆಯಲ್ಲಿ ನಾಲ್ಕು ವರ್ಷಗಳ ಆವರ್ತನವೊಂದು ಮೊದಲ ಮೂವತ್ತು ವರ್ಷ ಮಾತ್ರ ಇದ್ದು ಅನಂತರ ಅಡಗಿಹೋಗಿದ್ದರೂ, ಫೂರಿಯೇ ರೋಹಿತದಲ್ಲಿ ಅದು ಇಡೀ ಶತಮಾನಕ್ಕೆ ಹಂಚಿದ ಒಂದೇ ಶಿಖರವಾಗಿ ಕಾಣುತ್ತದೆ.

ಈ ಕೊರತೆಯನ್ನು ನೀಗಿಸಲು ಡೆನಿಸ್ ಗಬೋರ್ 1946ರಲ್ಲಿ ಸಂಕೇತವನ್ನು ನಿಶ್ಚಿತ ಅಗಲದ ಕಿಟಕಿಯ ಮೂಲಕ ತುಂಡುತುಂಡಾಗಿ ನೋಡುವ ವಿಧಾನವನ್ನು ಸೂಚಿಸಿದರು. ಕಿಟಕಿಯ ಅಗಲ ಎಲ್ಲ ಆವರ್ತನಗಳಿಗೂ ಒಂದೇ ಆಗಿರುವುದು ಅದರ ಮಿತಿ. ಎಲ್ಫ್ ಅಕಿಟೇನ್ ಎಂಬ ಫ್ರೆಂಚ್ ತೈಲ ಸಂಸ್ಥೆಯಲ್ಲಿ ಭೂಭೌತ ವಿಜ್ಞಾನಿಯಾಗಿದ್ದ ಜಾನ್ ಮೋರ್ಲೆ ಅವರಿಗೆ ಭೂಗರ್ಭದಿಂದ ಮರಳಿ ಬರುವ ಕಂಪನಗಳ ಅಧ್ಯಯನದಲ್ಲಿ ಈ ಮಿತಿ ತೊಡಕಾಗಿ ಕಂಡಿತು. ಒಂದೇ ಆಕಾರದ ಪುಟ್ಟ ತರಂಗವೊಂದನ್ನು ಹಿಗ್ಗಿಸಿ ಕುಗ್ಗಿಸಿ ಸಂಕೇತದ ಉದ್ದಕ್ಕೂ ಸರಿಸುತ್ತ ಹೋಗುವ ಉಪಾಯವನ್ನು ಅವರು ಕಂಡುಕೊಂಡರು. ಸೈದ್ಧಾಂತಿಕ ಭೌತವಿಜ್ಞಾನಿ ಅಲೆಕ್ಸ್ ಗ್ರಾಸ್ಮನ್ ಅವರೊಂದಿಗೆ ಸೇರಿ 1984ರಲ್ಲಿ ಇದಕ್ಕೆ ಗಣಿತದ ತಳಹದಿಯನ್ನು ಒದಗಿಸಿದರು. ಇಂಗ್ಲಿಷಿನಲ್ಲಿ ವೇವ್‌ಲೆಟ್ ಎನಿಸಿಕೊಂಡ ಈ ಪುಟ್ಟ ತರಂಗವನ್ನು ಇಲ್ಲಿ ಕಿರುತರಂಗ ಎಂದು ಕರೆಯಲಾಗಿದೆ.

ಕಿರುತರಂಗಗಳ ಗಣಿತವನ್ನು ವಿವರಿಸುವುದು ಈ ಲೇಖನದ ಉದ್ದೇಶವಲ್ಲ. ಪರಿವರ್ತನೆಯಿಂದ ದೊರೆತ ಫಲಿತಾಂಶವನ್ನು ಕಾಲಾಕ್ಷದ ಮೇಲೆ ಚಿತ್ರವಾಗಿ ಬಿಡಿಸುವಾಗ ಏನಾಗುತ್ತದೆ ಎಂಬುದಷ್ಟೇ ಇಲ್ಲಿಯ ವಿಷಯ. ಇಂದು ಯಾವ ಗಣಕದಲ್ಲಿಯಾದರೂ ನಾಲ್ಕಾರು ಆದೇಶಗಳಲ್ಲಿ ಈ ಬಣ್ಣದ ಚಿತ್ರ ಸಿದ್ಧವಾಗುತ್ತದೆ. ಅಡ್ಡಲಾಗಿ ಕಾಲ, ಲಂಬವಾಗಿ ಆವರ್ತಕಾಲ, ಬಣ್ಣದಲ್ಲಿ ಸಾಮರ್ಥ್ಯ. ಅಡ್ಡ ಅಕ್ಷದಲ್ಲಿ ಇಸವಿಗಳನ್ನು ನಮೂದಿಸಿರುವುದರಿಂದ ಚಿತ್ರದ ಪ್ರತಿಯೊಂದು ಬಿಂದುವೂ ಆಯಾ ಇಸವಿಯ ವಿಷಯವನ್ನೇ ಹೇಳುತ್ತಿದೆ ಎಂದು ಓದುಗ ಸಹಜವಾಗಿ ಭಾವಿಸುತ್ತಾನೆ. ಆ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದು ನಮ್ಮ ನಾಡಿನ ಬರ ಮಳೆಗಳ ಚರಿತ್ರೆಗೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ಎಲ್ ನಿನೊ ಶ್ರೇಣಿಯ ನಿದರ್ಶನ

ಕ್ರಿಸ್ಟೋಫರ್ ಟಾರೆನ್ಸ್ ಮತ್ತು ಗಿಲ್ಬರ್ಟ್ ಕಾಂಪೊ ಅವರು 1998ರಲ್ಲಿ ಅಮೆರಿಕದ ಪವನಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಲೇಖನವು ಹವಾಮಾನ ಅಧ್ಯಯನದಲ್ಲಿ ಕಿರುತರಂಗ ಚಿತ್ರಗಳಿಗೆ ಮಾದರಿಯಾಯಿತು. ಪೂರ್ವ ಪೆಸಿಫಿಕ್ ಸಾಗರದಲ್ಲಿ ಸಮಭಾಜಕ ವೃತ್ತದ ಇಕ್ಕೆಲಗಳಲ್ಲಿ 5 ಡಿಗ್ರಿಗಳವರೆಗೆ, ಪಶ್ಚಿಮ ರೇಖಾಂಶ 150ರಿಂದ 90 ಡಿಗ್ರಿಗಳವರೆಗೆ ಹಬ್ಬಿರುವ ನಿನೊ-3 ಎಂಬ ವಲಯದ ಮೇಲ್ಮೈ ಉಷ್ಣತೆಯನ್ನು ಅವರು ನಿದರ್ಶನವಾಗಿ ಆರಿಸಿಕೊಂಡರು. 1871ರಿಂದ ಮೊದಲುಗೊಂಡು 1990ರ ದಶಕದ ಉತ್ತರಾರ್ಧದವರೆಗಿನ, ಮೂರು ತಿಂಗಳಿಗೊಂದರಂತೆ ಸುಮಾರು 500 ಬಿಂದುಗಳು ಆ ಶ್ರೇಣಿಯಲ್ಲಿವೆ. ಎಲ್ ನಿನೊ ಏರಿಳಿತಗಳ ಸಾಮರ್ಥ್ಯ ಬಹುಮಟ್ಟಿಗೆ 2ರಿಂದ 8 ವರ್ಷಗಳ ಪಟ್ಟಿಯಲ್ಲಿ ನೆಲೆಸಿದೆ ಎಂಬುದನ್ನೂ, 1880ರಿಂದ 1920 ಹಾಗೂ 1960ರಿಂದ 1990ರ ಅವಧಿಗಳಲ್ಲಿ ಅದು ಪ್ರಬಲವಾಗಿದ್ದು ನಡುವಣ ನಾಲ್ಕು ದಶಕಗಳಲ್ಲಿ ಕುಗ್ಗಿತ್ತು ಎಂಬುದನ್ನೂ ಚಿತ್ರ ತೋರಿಸಿತು. ಮರುವರ್ಷ ಟಾರೆನ್ಸ್ ಮತ್ತು ಪೀಟರ್ ವೆಬ್‌ಸ್ಟರ್ ಅದೇ ವಿಧಾನವನ್ನು ಅಖಿಲ ಭಾರತ ಮಳೆ ಸೂಚ್ಯಂಕಕ್ಕೂ ಅನ್ವಯಿಸಿ, ಎಲ್ ನಿನೊ ಮತ್ತು ನಮ್ಮ ಮುಂಗಾರು ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಉಬ್ಬಿ ಒಟ್ಟಿಗೇ ತಗ್ಗಿವೆ ಎಂದು ಪ್ರತಿಪಾದಿಸಿದರು.

ಅವರು ಮುಖ್ಯವಾಗಿ ಬಳಸಿದ್ದು ಮೋರ್ಲೆ ಕಿರುತರಂಗವನ್ನು. ನಡುವೆ ಎತ್ತರವಾಗಿದ್ದು ಎರಡೂ ಬದಿಗೆ ಗಂಟೆಯಾಕಾರದಲ್ಲಿ ಇಳಿಯುವ ಹೊದಿಕೆಯೊಳಗೆ ಕೆಲವೇ ಅಲೆಗಳಿರುವ ರೂಪವದು. ಇದನ್ನು ಹಿಗ್ಗಿಸಿದ ಪ್ರಮಾಣಕ್ಕೆ ಮಾಪ ಎಂದು ಹೆಸರು. ಕಿರುತರಂಗವನ್ನು ಒಂದು ನಿರ್ದಿಷ್ಟ ಮಾಪದಲ್ಲಿ, ಒಂದು ನಿರ್ದಿಷ್ಟ ಕಾಲಬಿಂದುವಿನಲ್ಲಿ ಕೇಂದ್ರೀಕರಿಸಿ, ಸಂಕೇತದೊಂದಿಗೆ ಬಿಂದುಬಿಂದುವಾಗಿ ಗುಣಿಸಿ ಕೂಡಿದಾಗ ಒಂದು ಗುಣಾಂಕ ದೊರೆಯುತ್ತದೆ. ಎಲ್ಲ ಕಾಲಬಿಂದುಗಳಿಗೂ ಎಲ್ಲ ಮಾಪಗಳಿಗೂ ಹೀಗೆ ಮಾಡಿದರೆ ಗುಣಾಂಕಗಳ ಒಂದು ಕೋಷ್ಟಕ ಸಿದ್ಧವಾಗುತ್ತದೆ. ಪ್ರತಿ ಗುಣಾಂಕವೂ ಮಿಶ್ರ ಸಂಖ್ಯೆ. ಅದರ ವಾಸ್ತವ ಭಾಗವನ್ನು ಚಿತ್ರಿಸಿದರೆ ಪ್ರತಿಯೊಂದು ಏರು ಇಳಿವೂ ಬೇರೆ ಬೇರೆ ಪಟ್ಟೆಗಳಾಗಿ ಮೂಡುತ್ತವೆ. ಪರಿಮಾಣದ ವರ್ಗವನ್ನು ಚಿತ್ರಿಸಿದರೆ ಏರಿಳಿತಗಳ ಒಟ್ಟು ಸಾಮರ್ಥ್ಯ ಮೆದುವಾದ ತೇಪೆಗಳಾಗಿ ಕಾಣುತ್ತದೆ. ಮೊದಲನೆಯದು ಬರ ಯಾವಾಗ ಬಿತ್ತು ಎಂಬ ಪ್ರಶ್ನೆಗೆ ಹತ್ತಿರ. ಎರಡನೆಯದು ಬರ ಬೆಳೆಗಳ ತೂಗಾಟ ಯಾವ ಕಾಲದಲ್ಲಿ ತೀವ್ರವಾಗಿತ್ತು ಎಂಬ ಪ್ರಶ್ನೆಗೆ. ಇವೆರಡನ್ನು ಒಂದೆಂದು ಭಾವಿಸುವುದರಿಂದ ಹುಟ್ಟುವ ಗೊಂದಲ ಕಡಿಮೆಯದಲ್ಲ.

ಲಂಬ ಅಕ್ಷದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಮಾಪವೂ ಆವರ್ತಕಾಲವೂ ಒಂದೇ ಅಲ್ಲ. ರೂಢಿಯಲ್ಲಿರುವ ಮೋರ್ಲೆ ಕಿರುತರಂಗದಲ್ಲಿ ಆವರ್ತಕಾಲವು ಮಾಪದ 1.03ರಷ್ಟಿರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆದರೆ ಮೆಕ್ಸಿಕನ್ ಟೋಪಿ ಎಂಬ ಅಡ್ಡಹೆಸರಿನ ಕಿರುತರಂಗದಲ್ಲಿ ಆವರ್ತಕಾಲವು ಮಾಪದ 3.97ರಷ್ಟಾಗುತ್ತದೆ. ಮಾಪವನ್ನೇ ಅಕ್ಷದ ಮೇಲೆ ಬರೆದು, ಮೊದಲ ಚಿತ್ರದ ರೂಢಿಯಂತೆ ಎರಡನೆಯದನ್ನು ಓದಿದರೆ 8 ವರ್ಷದ ಆವರ್ತನವನ್ನು 2 ವರ್ಷದ್ದೆಂದು ಹೇಳಿದಂತಾಗುತ್ತದೆ.

ಅಂಚಿನಲ್ಲಿ ಬಿದ್ದ ಕ್ಷಾಮ

ಚಿತ್ರದ ಒಂದು ಬಿಂದು ಎಷ್ಟು ವರ್ಷಗಳ ಸಾರವನ್ನು ಹೊತ್ತಿದೆ ಎಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಮೋರ್ಲೆ ಕಿರುತರಂಗದ ಹೊದಿಕೆಯು ಕೇಂದ್ರದಿಂದ ಮಾಪದ 1.41ರಷ್ಟು ದೂರದಲ್ಲಿ ತನ್ನ ಎತ್ತರದ ಶೇಕಡ 37ಕ್ಕೆ ಇಳಿಯುತ್ತದೆ. 4 ವರ್ಷಗಳ ಆವರ್ತಕಾಲಕ್ಕೆ ಮಾಪ ಸುಮಾರು 3.9 ವರ್ಷ, ಆದ್ದರಿಂದ ಈ ದೂರ ಸುಮಾರು ಐದೂವರೆ ವರ್ಷ. ಅಂದರೆ 1877ರ ನೇರಕ್ಕೆ, 4 ವರ್ಷದ ಎತ್ತರದಲ್ಲಿ ಕಾಣುವ ಬಣ್ಣವು 1872ರಿಂದ 1883ರವರೆಗಿನ ದತ್ತಾಂಶಗಳ ಮಿಶ್ರಣ. 8 ವರ್ಷದ ಎತ್ತರಕ್ಕೆ ಹೋದರೆ ಎರಡೂ ಬದಿಗೆ ಹನ್ನೊಂದು ವರ್ಷಗಳು ಸೇರಿಕೊಳ್ಳುತ್ತವೆ. ಕಾಲಾಕ್ಷದ ಮೇಲೆ ಇಸವಿಯ ಗುರುತು ಸಣ್ಣ ಗೆರೆಯಾಗಿದ್ದರೂ ಅದರ ಮೇಲೆ ನಿಂತ ಬಣ್ಣದ ಬುಡ ಮೇಲೆ ಹೋದಂತೆಲ್ಲ ಅಗಲವಾಗುತ್ತದೆ. ಶ್ರೇಣಿಯಲ್ಲಿ ಒಂದೇ ಒಂದು ಬಿಂದುವನ್ನು ಎತ್ತರಿಸಿ ಉಳಿದವನ್ನು ಸೊನ್ನೆಯಾಗಿಸಿ ಪರಿವರ್ತಿಸಿ ನೋಡಿದರೆ ಈ ಹರಡುವಿಕೆ ಸ್ಪಷ್ಟವಾಗುತ್ತದೆ: ಕಿರಿಯ ಮಾಪದಲ್ಲಿ ಸೂಜಿಯಂತಿದ್ದುದು ಹಿರಿಯ ಮಾಪದಲ್ಲಿ ಛತ್ರಿಯಂತೆ ಬಿಚ್ಚಿಕೊಳ್ಳುತ್ತದೆ. ಈ ವಿಧಾನವನ್ನು ಹೊಸದಾಗಿ ಕಲಿಯುವವರು ತಮ್ಮ ದತ್ತಾಂಶವನ್ನು ಮುಟ್ಟುವ ಮೊದಲು ಈ ಒಂದು ಪ್ರಯೋಗವನ್ನು ಮಾಡಿ ನೋಡಬೇಕೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಇದೇ ಹರಡುವಿಕೆ ಶ್ರೇಣಿಯ ಅಂಚುಗಳಲ್ಲಿ ಸಮಸ್ಯೆಯಾಗುತ್ತದೆ. ದಾಖಲೆ ಆರಂಭವಾಗುವ ಮೊದಲಿನ ವರ್ಷಗಳ ಅಳತೆ ನಮ್ಮಲ್ಲಿಲ್ಲ. ಕಿರುತರಂಗದ ಒಂದು ಪಾರ್ಶ್ವ ಮಾತ್ರ ಶೂನ್ಯಕ್ಕೆ ಚಾಚಿರುತ್ತದೆ. ಫೂರಿಯೇ ವಿಧಾನದಿಂದ ಶೀಘ್ರವಾಗಿ ಲೆಕ್ಕ ಹಾಕುವ ಗಣಕವು ಶ್ರೇಣಿಯ ಕೊನೆಯನ್ನು ಅದರ ಮೊದಲಿಗೆ ಬಳೆಯಂತೆ ಜೋಡಿಸಿಬಿಡುತ್ತದೆ. ಆಗ 1990ರ ದಶಕದ ಎಲ್ ನಿನೊ 1871ರ ಪಕ್ಕದಲ್ಲಿ ಬಂದು ಕುಳಿತು ಅಲ್ಲಿಯ ಬಣ್ಣವನ್ನು ಕಲಕುತ್ತದೆ. ಇದನ್ನು ತಪ್ಪಿಸಲು ಶ್ರೇಣಿಯ ಕೊನೆಗೆ ಸೊನ್ನೆಗಳನ್ನು ತುಂಬುವುದುಂಟು. ಆದರೆ ಆ ಸೊನ್ನೆಗಳೂ ದತ್ತಾಂಶವಲ್ಲ. ಅವು ಅಂಚಿನ ಸಾಮರ್ಥ್ಯವನ್ನು ಇದ್ದುದಕ್ಕಿಂತ ತಗ್ಗಿಸಿ ತೋರಿಸುತ್ತವೆ. ಆದ್ದರಿಂದ ಅಂಚಿನಿಂದ ಒಳಮುಖವಾಗಿ ಇಳಿಜಾರು ಗೆರೆಯೊಂದನ್ನು ಎಳೆದು, ಅದರಾಚೆಗಿನ ಭಾಗವನ್ನು ಶಂಕಾಸ್ಪದವೆಂದು ಗುರುತಿಸುವ ಪದ್ಧತಿಯನ್ನು ಟಾರೆನ್ಸ್ ಮತ್ತು ಕಾಂಪೊ ಅನುಸರಿಸಿದರು. ಅಂಚಿನಲ್ಲಿರುವ ಒಡಕಿನ ಪ್ರಭಾವವು ಸುಮಾರು ಏಳನೆಯ ಒಂದು ಪಾಲಿಗೆ ಇಳಿಯುವ ದೂರವೇ ಆ ಗೆರೆ. ಅದನ್ನು ಪ್ರಭಾವ ಶಂಕು ಎನ್ನಬಹುದು.

ಈಗ ಈ ಗೆರೆಯನ್ನು ನಮ್ಮ ಚರಿತ್ರೆಯ ಮೇಲಿಟ್ಟು ನೋಡೋಣ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯಲ್ಲಿ ಪಾರ್ಥಸಾರಥಿ ಮತ್ತು ಸಂಗಡಿಗರು 306 ಮಳೆಮಾಪನ ಕೇಂದ್ರಗಳ ಆಧಾರದಿಂದ ಕಟ್ಟಿದ ಅಖಿಲ ಭಾರತ ಮುಂಗಾರು ಶ್ರೇಣಿಯೂ ಆರಂಭವಾಗುವುದು 1871ರಲ್ಲೇ. ಆ ಶ್ರೇಣಿಯಲ್ಲಿ ಅತ್ಯಂತ ಕೊರತೆಯ ವರ್ಷ 1877. ವರ್ಷಕ್ಕೊಂದು ಬಿಂದುವಿರುವ ಸಾಲಿನಲ್ಲಿ ಅದು ಏಳನೆಯದು. ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಆ ಬರದಲ್ಲಿ ಮೈಸೂರು ಸಂಸ್ಥಾನ ಬರಿದಾಯಿತು. 1871ರ ಜನಗಣತಿಯಲ್ಲಿ 50 ಲಕ್ಷವಿದ್ದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಪೆಸಿಫಿಕ್‌ನಲ್ಲಿ ಅದೇ ಕಾಲದಲ್ಲಿ ಪ್ರಬಲವಾದ ಎಲ್ ನಿನೊ ಇತ್ತು ಎಂಬುದು ಸುಪರಿಚಿತ. ನಮ್ಮ ಭಾಗದ ಹವಾಮಾನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ವಿರಳ. ಆದರೆ ಕಿರುತರಂಗ ಚಿತ್ರದಲ್ಲಿ ಅದರ ಸ್ಥಾನವೇನು? 4 ವರ್ಷಗಳ ಆವರ್ತಕಾಲದಲ್ಲಿ ಪ್ರಭಾವ ಶಂಕುವಿನ ಗೆರೆ 1876ರ ನಡುಭಾಗದಲ್ಲಿ ಹಾಯುವುದರಿಂದ 1877 ಕೂದಲೆಳೆಯ ಅಂತರದಲ್ಲಿ ಸುರಕ್ಷಿತ ವಲಯದಲ್ಲಿದೆ. 6 ವರ್ಷಕ್ಕೆ ಹೋದರೆ ಗೆರೆ 1879ನ್ನು ದಾಟುತ್ತದೆ. 8 ವರ್ಷಕ್ಕೆ 1882ರ ಹತ್ತಿರ ಬರುತ್ತದೆ. ಆದ್ದರಿಂದ ಕ್ಷಾಮದ ಹಿಂದಿದ್ದ ತೂಗಾಟದ ಆವರ್ತಕಾಲ 4 ವರ್ಷವೋ 6 ವರ್ಷವೋ ಎಂಬ ಪ್ರಶ್ನೆಯನ್ನು ಈ ಚಿತ್ರದಿಂದ ತೀರ್ಮಾನಿಸುವಂತಿಲ್ಲ. 1880ರಿಂದ 1920ರ ಅವಧಿ ಪ್ರಬಲವಾಗಿತ್ತು ಎಂಬ ಮಾತನ್ನು, 1880ಕ್ಕೆ ಮುಂಚೆ ಪ್ರಾಬಲ್ಯವಿರಲಿಲ್ಲವೆಂದು ಓದುವುದು ಚಿತ್ರದ ಎಡ ಅಂಚನ್ನು ಚರಿತ್ರೆಯ ಅಂಚೆಂದು ತಿಳಿದಂತೆ.

ಬಲ ಅಂಚಿನಲ್ಲಿಯೂ ಇದೇ ಪರಿಸ್ಥಿತಿ. 1997ರಲ್ಲಿ ಎಲ್ ನಿನೊ ಅತಿ ತೀವ್ರವಾಗಿದ್ದರೂ ಭಾರತದ ಮುಂಗಾರು ದೀರ್ಘಾವಧಿ ಸರಾಸರಿಯ ಶೇಕಡ 102ರಷ್ಟಾಯಿತು. 1999ರಲ್ಲಿ ಕೃಷ್ಣಕುಮಾರ್, ಬಾಲಾಜಿ ರಾಜಗೋಪಾಲನ್ ಮತ್ತು ಮಾರ್ಕ್ ಕೇನ್ ಅವರು ಎಲ್ ನಿನೊ ಮತ್ತು ಮುಂಗಾರಿನ ನಂಟು ಸಡಿಲಗೊಳ್ಳುತ್ತಿದೆ ಎಂದು ಬರೆದುದು ವ್ಯಾಪಕ ಚರ್ಚೆಗೆ ಕಾರಣವಾಯಿತು. ಅವರು ಆಧರಿಸಿದ್ದು ಸರಿಯುವ ಕಿಟಕಿಯ ಸಹಸಂಬಂಧವನ್ನು. ಕಿಟಕಿಯಿರುವಲ್ಲಿ ಅಂಚಿನ ಪ್ರಶ್ನೆ ಅಲ್ಲಿಗೂ ಅನ್ವಯಿಸುತ್ತದೆ. 2002ರಲ್ಲಿ ಎಲ್ ನಿನೊ ಸಾಧಾರಣವಾಗಿದ್ದರೂ ಮುಂಗಾರು ಶೇಕಡ 19ರಷ್ಟು ಕುಸಿಯಿತು. 2009ರಲ್ಲಿ ಶೇಕಡ 22ರಷ್ಟು, 2015ರಲ್ಲಿ ಶೇಕಡ 14ರಷ್ಟು ಕೊರತೆಯಾಯಿತು. 1999ರ ಚಿತ್ರದಲ್ಲಿ ಶಂಕುವಿನ ನೆರಳಿನಲ್ಲಿದ್ದ 1997, 2024ರವರೆಗಿನ ದತ್ತಾಂಶ ಸೇರಿಸಿದಾಗ 2ರಿಂದ 8 ವರ್ಷಗಳ ಇಡೀ ಪಟ್ಟಿಯಲ್ಲಿ ನೆರಳಿನಿಂದ ಹೊರಬಂದಿದೆ. ಹೊಸ ವರ್ಷಗಳು ಸೇರಿದಂತೆ ಹಳೆಯ ವರ್ಷಗಳ ಬಣ್ಣ ಬದಲಾಗುವುದು ಲೆಕ್ಕದ ದೋಷವಲ್ಲ, ಈ ವಿಧಾನದ ಸ್ವಭಾವ.

ಬಣ್ಣ ಮತ್ತು ಗಡಿರೇಖೆ

ಸಾಮರ್ಥ್ಯವನ್ನು ಬಣ್ಣಕ್ಕೆ ಇಳಿಸುವಲ್ಲಿ ಎರಡು ಸಂಗತಿಗಳು ಉಪೇಕ್ಷೆಗೊಳಗಾಗುತ್ತ ಬಂದಿವೆ. ರೂಢಿಯ ಸೂತ್ರದಲ್ಲಿ ಎಲ್ಲ ಮಾಪದ ಕಿರುತರಂಗಗಳಿಗೂ ಸಮಾನ ಶಕ್ತಿಯನ್ನು ಕೊಡಲಾಗುತ್ತದೆ. ಇದರ ಪರಿಣಾಮವಾಗಿ, ಒಂದೇ ಎತ್ತರದ ಎರಡು ಶುದ್ಧ ಅಲೆಗಳಲ್ಲಿ 8 ವರ್ಷದ್ದು 2 ವರ್ಷದ್ದಕ್ಕಿಂತ ನಾಲ್ಕು ಪಟ್ಟು ಸಾಮರ್ಥ್ಯವುಳ್ಳದ್ದಾಗಿ ಕಾಣುತ್ತದೆ. ದೀರ್ಘ ಆವರ್ತನಗಳತ್ತ ವಾಲುವ ಈ ಪಕ್ಷಪಾತವನ್ನು ಯಾಂಗಾಂಗ್ ಲಿಯು ಮತ್ತು ಸಹೋದ್ಯೋಗಿಗಳು 2007ರಲ್ಲಿ ಎತ್ತಿ ತೋರಿಸಿ, ಸಾಮರ್ಥ್ಯವನ್ನು ಮಾಪದಿಂದ ಭಾಗಿಸುವ ಸರಳ ಪರಿಹಾರವನ್ನು ಸೂಚಿಸಿದರು. ಅದಕ್ಕೆ ಮುಂಚಿನ ಚಿತ್ರಗಳಲ್ಲಿ ದಶಕಮಾನದ ಆವರ್ತನಗಳು ಢಾಳಾಗಿ ಎದ್ದು ಕಂಡಿರುವಲ್ಲಿ, ಬಣ್ಣಕ್ಕೆ ಮರುಳಾಗದೆ ಮತ್ತೊಮ್ಮೆ ಪರಿಶೀಲಿಸುವುದು ಯುಕ್ತ.

ಎರಡನೆಯದು, ತೇಪೆಗಳ ಸುತ್ತ ಎಳೆಯುವ ದಪ್ಪ ಗಡಿರೇಖೆ. ಯಾವ ನೈಜ ಆವರ್ತನವೂ ಇಲ್ಲದ, ಆದರೆ ನಿನ್ನೆಯ ನೆನಪನ್ನು ಇಂದಿಗೂ ಸ್ವಲ್ಪ ಉಳಿಸಿಕೊಳ್ಳುವ ಯಾದೃಚ್ಛಿಕ ಸಂಕೇತವನ್ನು ಕೆಂಪು ಗದ್ದಲ ಎನ್ನುತ್ತಾರೆ. ಸಾಗರದ ಉಷ್ಣತೆ ಸ್ವಭಾವತಃ ಅಂತಹುದು. ನಿನೊ-3 ಶ್ರೇಣಿಗೆ ಈ ನೆನಪಿನ ಗುಣಾಂಕ 0.72 ಎಂದು ಅಂದಾಜಿಸಲಾಗಿತ್ತು. ಅಂತಹ ಗದ್ದಲದ ಸರಾಸರಿ ಸಾಮರ್ಥ್ಯಕ್ಕಿಂತ ಮೂರು ಪಟ್ಟು ಮೀರಿದ ಭಾಗವನ್ನು ಶೇಕಡ 95ರ ವಿಶ್ವಾಸಮಟ್ಟದಲ್ಲಿ ಮಹತ್ವದ್ದೆಂದು ಗಡಿರೇಖೆ ಗುರುತಿಸುತ್ತದೆ. ಆದರೆ ಶುದ್ಧ ಗದ್ದಲದ ಚಿತ್ರದಲ್ಲಿಯೂ ಸುಮಾರು ಶೇಕಡ 5 ಭಾಗ ಈ ಗಡಿಯೊಳಗೆ ಬೀಳುವುದು ಅನಿವಾರ್ಯ. ಅಕ್ಕಪಕ್ಕದ ಬಿಂದುಗಳು ಒಂದೇ ದತ್ತಾಂಶವನ್ನು ಹಂಚಿಕೊಳ್ಳುವುದರಿಂದ ಆ ಶೇಕಡ 5 ಚದುರಿದ ಚುಕ್ಕೆಗಳಾಗಿ ಕಾಣದೆ, ದುಂಡನೆಯ, ನಂಬುವಂತಹ ತೇಪೆಗಳಾಗಿ ಮೂಡುತ್ತದೆ. ಡಗ್ಲಸ್ ಮರಾನ್ ಮತ್ತು ಯುರ್ಗೆನ್ ಕುರ್ಟ್ಸ್ 2004ರಲ್ಲಿ ಈ ಅಪಾಯವನ್ನು ಚರ್ಚಿಸಿದರು. 2007ರಲ್ಲಿ ಬಿಂದುಗಳ ಬದಲು ತೇಪೆಯ ವಿಸ್ತಾರವನ್ನೇ ಪರೀಕ್ಷಿಸುವ ಕ್ರಮವೂ ಬಂದಿತು. ಚಿತ್ರದಲ್ಲೊಂದು ತೇಪೆಯಿದೆ ಎಂಬುದಷ್ಟೇ ಆಧಾರವಾಗಿ ಹೊಸ ಆವರ್ತನವೊಂದನ್ನು ಘೋಷಿಸುವ ಪ್ರಬಂಧಗಳು ಇನ್ನೂ ಬರುತ್ತಿರುವುದು ಆಶ್ಚರ್ಯದ ಸಂಗತಿ.

ವಿವಿಕ್ತ ಪರಿವರ್ತನೆಯ ತೊಡಕು

ಇದುವರೆಗೆ ಹೇಳಿದ್ದು ಪ್ರತಿ ಕಾಲಬಿಂದುವಿಗೂ ಗುಣಾಂಕ ಕೊಡುವ ಅವಿಚ್ಛಿನ್ನ ಪರಿವರ್ತನೆಯ ವಿಷಯ. ಇಂಗ್ರಿಡ್ ಡೊಬೆಷಿ 1988ರಲ್ಲಿ ರೂಪಿಸಿದ ಕಿರುತರಂಗಗಳಿಂದಲೂ, ಸ್ಟೆಫಾನ್ ಮಲ್ಲಾ 1989ರಲ್ಲಿ ವಿವರಿಸಿದ ಶೀಘ್ರಗಣನೆಯಿಂದಲೂ ಬೆಳೆದ ವಿವಿಕ್ತ ಪರಿವರ್ತನೆಯಲ್ಲಿ ಕಾಲಾಕ್ಷದ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಅಲ್ಲಿ ಪ್ರತಿ ಹಂತದಲ್ಲೂ ಗುಣಾಂಕಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಮೂರು ತಿಂಗಳಿಗೊಂದರಂತೆ 512 ಬಿಂದುಗಳ, ಅಂದರೆ 128 ವರ್ಷಗಳ ಶ್ರೇಣಿಯನ್ನು ತೆಗೆದುಕೊಂಡರೆ, 4ರಿಂದ 8 ವರ್ಷಗಳ ಪಟ್ಟಿಗೆ ಹೊಂದುವ ನಾಲ್ಕನೆಯ ಹಂತದಲ್ಲಿ ಉಳಿಯುವುದು 32 ಗುಣಾಂಕಗಳು ಮಾತ್ರ. ಅವನ್ನು ಒಂದರಿಂದ ಮೂವತ್ತೆರಡರವರೆಗೆ ಅಂಕಿ ಹಾಕಿ ಚಿತ್ರಿಸಿದರೆ ಕಾಲವೇ ಮಾಯವಾಗುತ್ತದೆ. ಪ್ರತಿ ಗುಣಾಂಕವನ್ನೂ ನಾಲ್ಕು ವರ್ಷ ಅಗಲದ ಮನೆಯಾಗಿ ಹಿಗ್ಗಿಸಿ ಕಾಲಾಕ್ಷದ ಮೇಲೆ ಕೂರಿಸಬೇಕು.

ಅಷ್ಟರಿಂದಲೂ ಕೆಲಸ ಮುಗಿಯುವುದಿಲ್ಲ. ಆಲ್ಫ್ರೆಡ್ ಹಾರ್ 1910ರಲ್ಲಿ ಪ್ರಕಟಿಸಿದ ಅತಿ ಸರಳ ಕಿರುತರಂಗದಲ್ಲಿ ಮನೆಗಳು ತಮ್ಮ ದತ್ತಾಂಶದ ಮೇಲೆ ನೇರವಾಗಿ ಕೂರುತ್ತವೆ. ಉದ್ದವಾದ ಶೋಧಕಗಳಲ್ಲಿ ಹಾಗಲ್ಲ. ಎಂಟು ಅಂಶಗಳ ಶೋಧಕವು ನಾಲ್ಕನೆಯ ಹಂತಕ್ಕೆ ಬರುವಾಗ 106 ಬಿಂದುಗಳಷ್ಟು, ಅಂದರೆ ಇಪ್ಪತ್ತಾರೂವರೆ ವರ್ಷಗಳಷ್ಟು ಉದ್ದವಾಗಿರುತ್ತದೆ. ಅದರ ಫಲವನ್ನು ಶೋಧಕದ ಕೊನೆಯ ಬಿಂದುವಿನ ಕಾಲಕ್ಕೆ ಬರೆಯುವುದು ಲೆಕ್ಕದ ರೂಢಿ. ಫಲದ ನಿಜವಾದ ಕೇಂದ್ರವಾದರೋ ಅದಕ್ಕಿಂತ ಸುಮಾರು 13 ವರ್ಷ ಹಿಂದಿರುತ್ತದೆ. ಸರಿಪಡಿಸದೆ ಚಿತ್ರಿಸಿದರೆ 1877ರ ಬರ 1890ರ ಮೇಲೆ ಬಂದು ನಿಲ್ಲುತ್ತದೆ. ಡೊನಾಲ್ಡ್ ಪರ್ಸಿವಲ್ ಮತ್ತು ಆಂಡ್ರ್ಯೂ ವಾಲ್ಡನ್ 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರತಿ ಹಂತಕ್ಕೂ ಎಷ್ಟು ಹಿಂದಕ್ಕೆ ಸರಿಸಬೇಕೆಂಬ ಲೆಕ್ಕವನ್ನು ಕೊಟ್ಟಿದ್ದಾರೆ. ಹೆಚ್ಚುಕಡಿಮೆ ಸಮಮಿತಿಯುಳ್ಳ ಶೋಧಕಗಳಿಗೆ ಮಾತ್ರ ಈ ಸರಿಸುವಿಕೆ ಚೊಕ್ಕವಾಗಿ ಒಪ್ಪುತ್ತದೆ. ಡೊಬೆಷಿಯವರ ಮೂಲ ಕಿರುತರಂಗಗಳು ಒಂದು ಬದಿಗೆ ವಾಲಿದವಾದ್ದರಿಂದ, ಘಟನೆಗಳ ಕಾಲವನ್ನು ಹೇಳಬೇಕಾದ ಚಿತ್ರಗಳಿಗೆ ಅವು ತಕ್ಕ ಆಯ್ಕೆಯಲ್ಲ.

ಎಡ ಅಂಚಿನ ಪ್ರಶ್ನೆಗೆ ಮರಳಿದರೆ, ಅಲ್ಲಿ ಗಣಿತಕ್ಕಿಂತ ದಾಖಲೆಗಳ ಪಾತ್ರ ದೊಡ್ಡದು. ಸೊನ್ನೆ ತುಂಬುವ ಯಾವ ಚಾತುರ್ಯವೂ 1871ಕ್ಕೆ ಹಿಂದಿನ ಮಳೆಯನ್ನು ತಂದುಕೊಡಲಾರದು. ಹಳೆಯ ಮಳೆ ಪುಸ್ತಕಗಳು ತಂದುಕೊಡಬಲ್ಲವು. ಸೊಂಟಕ್ಕೆ ಮತ್ತು ಸಂಗಡಿಗರು 1993ರಲ್ಲಿ ಅಖಿಲ ಭಾರತ ಮುಂಗಾರು ಶ್ರೇಣಿಯನ್ನು 1844ಕ್ಕೂ, 2008ರಲ್ಲಿ ಭಾರತದ ಮಳೆ ಶ್ರೇಣಿಯನ್ನು 1813ಕ್ಕೂ ಹಿಂದೊಯ್ದರು. 1813ರಿಂದ ಆರಂಭಿಸಿದರೆ 1877 ಅಂಚಿನಿಂದ 64 ವರ್ಷ ಒಳಗೆ ಸರಿದು ಪ್ರಭಾವ ಶಂಕುವಿನ ನೆರಳಿನಿಂದ ಪೂರ್ಣವಾಗಿ ಹೊರಬರುತ್ತದೆ. ಆದರೆ ಹಿಂದೆ ಹೋದಂತೆ ಮಳೆಮಾಪಕಗಳ ಸಂಖ್ಯೆ ಬೆರಳೆಣಿಕೆಗೆ ಇಳಿಯುತ್ತದೆ. ನೂರಾರು ಕೇಂದ್ರಗಳ ಸರಾಸರಿಗಿಂತ ಕೆಲವೇ ಕೇಂದ್ರಗಳ ಸರಾಸರಿ ಹೆಚ್ಚು ಹೊಯ್ದಾಡುತ್ತದೆ. ಆ ಹೊಯ್ದಾಟವನ್ನು ಲೆಕ್ಕಕ್ಕೆ ಹಿಡಿದು ತಗ್ಗಿಸದಿದ್ದರೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧ ಚಿತ್ರದಲ್ಲಿ ಉರಿಗೆಂಪಾಗಿ ಕಂಡೀತು. ಆ ಕೆಂಪಿನಲ್ಲಿ ಮುಂಗಾರಿನ ಪಾಲೆಷ್ಟು, ಮಾಪಕಗಳ ಕೊರತೆಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ಒಂದೊಂದು ಕೇಂದ್ರದ ಶ್ರೇಣಿಯನ್ನೂ ಪ್ರತ್ಯೇಕವಾಗಿ ಪರಿವರ್ತಿಸಿ, ಒಂದರ ಕೆಳಗೊಂದರಂತೆ ಒಂದೇ ಕಾಲಾಕ್ಷದ ಮೇಲೆ ಜೋಡಿಸಿ ನೋಡಬೇಕಾಗುತ್ತದೆ.